ಬೆಳ್ಳಿ ತಂದ ಮೆಡಿಕಾಟ್

ಸೆನ್ಯೂರ್ ಮೆಡಿಕಾಟ್ 2006ರಲ್ಲಿ ಹುಟ್ಟಿದ, ಜರ್ಮನಿಯಲ್ಲಿ ಪಳಗಿದ ಕಂದು ಕುದುರೆ. ಬೀಜ ತೆಗೆಸಿದ ಗಂಡು. ಲಾಯದಲ್ಲಿ ಅದನ್ನು ಕರೆಯುವುದು ಮಿಕಿ ಎಂದು. 2018ರ ಆಗಸ್ಟ್ 26ರಂದು ಜಕಾರ್ತದ ಪುಲೊಮಾಸ್ ಕುದುರೆ ಮೈದಾನದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅವರನ್ನು ಹೊತ್ತು ಈ ಕುದುರೆ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಒಂದೇ ದಿನ ಎರಡು ಬೆಳ್ಳಿ ಪದಕ ತಂದಿತು. ಒಂದು ವೈಯಕ್ತಿಕ, ಇನ್ನೊಂದು ತಂಡದ್ದು. ಕುದುರೆ ಸವಾರಿಯಲ್ಲಿ ಭಾರತೀಯರೊಬ್ಬರಿಗೆ ಏಷ್ಯಾಡ್‌ನ ವೈಯಕ್ತಿಕ ಪದಕ ಸಿಕ್ಕಿ ಆಗ 36 ವರ್ಷವಾಗಿತ್ತು. ಮೂರು ವರ್ಷದ ಮೇಲೆ ಅದೇ ಕುದುರೆ, ಅದೇ ಸವಾರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ಸುತ್ತಿನವರೆಗೂ ಹೋದರು. ಪತ್ರಿಕೆಗಳಲ್ಲಿ ಸವಾರನ ಹೆಸರು ದಪ್ಪಕ್ಷರದಲ್ಲಿ ಬಂತು, ಕುದುರೆಯದು ಸುದ್ದಿಯ ಒಳಗೆಲ್ಲೋ ಸೇರಿಹೋಯಿತು. ಆದರೂ ಪದಕದ ಅರ್ಧ ಪಾಲು ಆ ಕುದುರೆಯದೇ.

ಮೆಡಿಕಾಟ್ ಓಡಿದ ಆಟಕ್ಕೆ ಈವೆಂಟಿಂಗ್ ಎಂದು ಹೆಸರು. ಒಂದೇ ಕುದುರೆ, ಒಬ್ಬನೇ ಸವಾರ, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್. ಮರಳು ಹಾಸಿದ ಅಂಗಳದಲ್ಲಿ ಕುದುರೆ ಹೇಳಿದಂತೆ ನಡೆಯಬೇಕು, ಕುಕ್ಕುಲೋಟ ಹಾಕಬೇಕು, ಅಡ್ಡಡ್ಡ ಹೆಜ್ಜೆ ಇಡಬೇಕು, ನಿಲ್ಲಬೇಕಾದ ಕಡೆ ನಾಲ್ಕೂ ಕಾಲು ಸಮ ಮಾಡಿ ನಿಲ್ಲಬೇಕು. ಎರಡನೆಯದು ಕ್ರಾಸ್ ಕಂಟ್ರಿ. ಬಯಲು, ದಿಣ್ಣೆ, ನೀರು, ಹಳ್ಳ ದಾಟಿ, ಅಲುಗಾಡದ ಮರದ ದಿಮ್ಮಿ ಮತ್ತು ಬೇಲಿಗಳನ್ನು ಹಾರುತ್ತ ನಾಗಾಲೋಟದಲ್ಲಿ ಕೆಲವು ಕಿಲೋಮೀಟರ್ ಓಡಬೇಕು. ಮೂರನೆಯದು ಶೋ ಜಂಪಿಂಗ್. ಹಿಂದಿನ ದಿನದ ಓಟದಿಂದ ಮೈಕೈ ಹಿಡಿದುಕೊಂಡ ಕುದುರೆ, ಮುಟ್ಟಿದರೆ ಬೀಳುವ ಬಣ್ಣದ ಕಂಬಗಳನ್ನು ಮುಟ್ಟದೆ ದಾಟಬೇಕು. ಗಂಡಸರು ಹೆಂಗಸರು ಬೇರೆ ಬೇರೆ ಎಂಬ ವಿಭಾಗ ಇಲ್ಲಿ ಇಲ್ಲ, ಎಲ್ಲರೂ ಒಂದೇ ಕಣದಲ್ಲಿ ಇಳಿಯುತ್ತಾರೆ.

ಇಲ್ಲಿ ಅಂಕ ಗಳಿಸುವುದಿಲ್ಲ, ತಪ್ಪಿಗೆ ದಂಡಾಂಕ ಕೂಡುತ್ತ ಹೋಗುತ್ತದೆ. ಕಡಿಮೆ ದಂಡವಿದ್ದವರು ಗೆದ್ದಂತೆ. ಡ್ರೆಸಾಜ್‌ನಲ್ಲಿ ತೀರ್ಪುಗಾರರು ನೂರಕ್ಕೆ 70 ಕೊಟ್ಟರೆ ಉಳಿದ 30 ದಂಡವಾಗುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಕುದುರೆ ಒಂದು ಬೇಲಿಯ ಮುಂದೆ ಮೊಂಡು ಹಿಡಿದು ನಿಂತರೆ 20, ಗೊತ್ತುಮಾಡಿದ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4. ಸವಾರ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಶೋ ಜಂಪಿಂಗ್‌ನಲ್ಲಿ ಒಂದು ಕಂಬ ಬಿದ್ದರೆ 4. ಈ ಕೊನೆಯ ನಾಲ್ಕು ಅಂಕ ಮೆಡಿಕಾಟ್‌ನ ಬದುಕಿನಲ್ಲಿ ಎಷ್ಟು ದೊಡ್ಡದಾಯಿತು ಎಂಬುದು ಮುಂದೆ ಬರುತ್ತದೆ.

ಈವೆಂಟಿಂಗ್ ಹುಟ್ಟಿದ್ದು ದಂಡಿನಲ್ಲಿ, ಬೆಳೆದದ್ದು ಸ್ಟೀಪಲ್‌ಚೇಸ್‌ನ ನೆರಳಿನಲ್ಲಿ. ಸ್ಟೀಪಲ್‌ಚೇಸ್ ಎಂದರೆ ಬೇಲಿ, ಹಳ್ಳ, ತೋಡು ಹಾರಿಕೊಂಡು ಓಡುವ ಕುದುರೆ ಪಂದ್ಯ. ಅದರ ಮೊದಲ ಓಟವೆಂದು ಹೇಳಿಕೊಂಡು ಬಂದಿರುವುದು 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ನಡೆದದ್ದು. ಬಟೆವಾಂಟ್ ಚರ್ಚಿನ ಗೋಪುರದಿಂದ ಡೊನೆರೈಲ್ ಚರ್ಚಿನ ಗೋಪುರದವರೆಗೆ, ಸುಮಾರು ನಾಲ್ಕೂವರೆ ಮೈಲಿ, ಕಾರ್ನೀಲಿಯಸ್ ಓಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಎಂಬಿಬ್ಬರು ಹೊಲ, ಗೋಡೆ, ಹಳ್ಳ ಯಾವುದನ್ನೂ ಲೆಕ್ಕಿಸದೆ ನೇರ ಕುದುರೆ ಓಡಿಸಿದರು. 1839ರಲ್ಲಿ ಲಿವರ್‌ಪೂಲ್ ಹತ್ತಿರದ ಏಂಟ್ರಿಯಲ್ಲಿ ನಡೆದ ಗ್ರ್ಯಾಂಡ್ ನ್ಯಾಷನಲ್ ಎಂಬ ಸ್ಟೀಪಲ್‌ಚೇಸ್‌ನಲ್ಲಿ ಲಾಟರಿ ಎಂಬ ಕುದುರೆ ಗೆದ್ದಿತು. ಅದೇ ಓಟದಲ್ಲಿ ಕ್ಯಾಪ್ಟನ್ ಬೀಚರ್ ಎಂಬ ಸವಾರ ನೀರಿನ ತೋಡಿಗೆ ಬಿದ್ದರು. ಆ ತೋಡಿಗೆ ಇವತ್ತಿಗೂ ಅವರದೇ ಹೆಸರು.

ಈ ಪಂದ್ಯದ ಕುದುರೆಗಳಲ್ಲಿ ಜಗತ್ತು ಮರೆಯದ ಹೆಸರು ರೆಡ್ ರಮ್. ಕಾಲಿನ ಗೊರಸಿನೊಳಗಿನ ಮೂಳೆಯ ಬೇನೆಯಿಂದ ನರಳಿದ್ದ ಆ ಕುದುರೆಯನ್ನು ಜಿಂಜರ್ ಮೆಕೇನ್ ಎಂಬ ತರಬೇತಿದಾರ ಸೌತ್‌ಪೋರ್ಟಿನ ಕಡಲ ತೀರದ ಮರಳಿನಲ್ಲಿ ಓಡಿಸಿ ಗಟ್ಟಿ ಮಾಡಿದರು. 1973ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಕ್ರಿಸ್ಪ್ ಎಂಬ ಆಸ್ಟ್ರೇಲಿಯಾದ ಕುದುರೆ ಬಹಳ ಮುಂದೆ ಹೋಗಿತ್ತು. ರೆಡ್ ರಮ್‌ಗಿಂತ ಹೆಚ್ಚಿನ ತೂಕವನ್ನೂ ಅದು ಹೊತ್ತಿತ್ತು. ಕೊನೆಯ ಬೇಲಿ ದಾಟಿದ ಮೇಲೆ ಕ್ರಿಸ್ಪ್ ಸೋತು ತೂಗಾಡತೊಡಗಿತು. ಗುರಿಗೆ ಇನ್ನೆರಡು ಹಾರುನಡೆ ಇದೆ ಎನ್ನುವಾಗ ರೆಡ್ ರಮ್ ಅದನ್ನು ಹಿಂದೆ ಹಾಕಿತು. ಅಂತರ ಒಂದು ಕುದುರೆಯ ಮುಕ್ಕಾಲು ಉದ್ದ. ಆಮೇಲೆ 1974, 1977ರಲ್ಲೂ ಗೆದ್ದು, ನಡುವಿನ ಎರಡು ವರ್ಷ ಎರಡನೆಯದಾಗಿ, ಐದು ಓಟಗಳಲ್ಲಿ ಒಮ್ಮೆಯೂ ಬೀಳದ ಕುದುರೆಯೆಂದು ಹೆಸರಾಯಿತು. 1995ರಲ್ಲಿ ಸತ್ತಾಗ ಅದನ್ನು ಏಂಟ್ರಿಯ ಗುರಿಗಂಬದ ಬಳಿಯೇ ಮಣ್ಣು ಮಾಡಿದರು. ಗೆದ್ದವರ ಕತೆ ಹೇಳುವಾಗ ಕ್ರಿಸ್ಪ್‌ನ ಹೆಸರನ್ನೂ ಇಂಗ್ಲೆಂಡಿನ ಜನ ತಪ್ಪದೆ ಹೇಳುತ್ತಾರೆ. ಅದು ಒಳ್ಳೆಯ ರೂಢಿ. ಅಷ್ಟು ಕಡಿಮೆ ಅಂತರದಲ್ಲಿ ಸೋತದ್ದೂ ಸಾಧನೆಯೇ.

1912ರಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಈವೆಂಟಿಂಗ್ ಸೇರಿದಾಗ ಅದು ದಂಡಿನ ಅಧಿಕಾರಿಗಳ ಆಟ. ಸೈನ್ಯದ ಕುದುರೆ ಕವಾಯತಿನಲ್ಲಿ ಹೇಳಿದ ಮಾತು ಕೇಳಬೇಕು, ಸುದ್ದಿ ಹೊತ್ತು ದೂರ ಓಡಬೇಕು, ಎದುರಾದದ್ದನ್ನು ಹಾರಬೇಕು, ಮಾರನೆಯ ದಿನವೂ ಕೆಲಸಕ್ಕೆ ಬರಬೇಕು. ಆ ಪರೀಕ್ಷೆಯಲ್ಲಿ ಸ್ಟೀಪಲ್‌ಚೇಸ್ ಒಂದು ಭಾಗವಾಗಿಯೇ ಇತ್ತು. ಕ್ರಾಸ್ ಕಂಟ್ರಿಯ ದಿನ ಕುದುರೆ ಮೊದಲು ದಾರಿ ಸವೆಸಿ, ಸ್ಟೀಪಲ್‌ಚೇಸ್ ಬೇಲಿಗಳನ್ನು ವೇಗವಾಗಿ ಹಾರಿ, ಮತ್ತೆ ದಾರಿ ನಡೆದು, ಆಮೇಲೆ ಬಯಲಿಗೆ ಇಳಿಯುತ್ತಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ವರೆಗೂ ಹೀಗೇ ನಡೆಯಿತು. 2004ರ ಅಥೆನ್ಸ್‌ನಲ್ಲಿ ಆ ಭಾಗವನ್ನು ಕೈಬಿಟ್ಟರು. ಬೇಲಿ ಹಾರುವ ಧೈರ್ಯ ಮಾತ್ರ ಕ್ರಾಸ್ ಕಂಟ್ರಿಯಲ್ಲಿ ಹಾಗೆಯೇ ಉಳಿದಿದೆ.

ಕುದುರೆಗೆ ಈ ಕೆಲಸ ಸುಲಭವಲ್ಲ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ, ಆದ್ದರಿಂದ ಹಣೆಯ ನೇರ ಮುಂದಿನ ಚೂರು ಜಾಗ ಅದಕ್ಕೆ ಕಾಣುವುದಿಲ್ಲ. ಬೇಲಿಯ ಹತ್ತಿರ ಬಂದು ನೆಗೆಯುವ ಕ್ಷಣದಲ್ಲಿ ಬೇಲಿಯೇ ಕಣ್ಣಿಗೆ ಮರೆ. ಕೆಲವು ಹೆಜ್ಜೆ ಹಿಂದೆ ಕಂಡದ್ದನ್ನು ನೆನಪಿಟ್ಟುಕೊಂಡು, ಬೆನ್ನ ಮೇಲಿನವನನ್ನು ನಂಬಿ ಹಾರಬೇಕು. ಆಚೆ ಇಳಿಯುವಾಗ ತನ್ನ ತೂಕ, ಸವಾರನ ತೂಕ, ಓಟದ ವೇಗ ಎಲ್ಲವನ್ನೂ ಒಂದು ಮುಂಗಾಲು ಮೊದಲು ಹೊರುತ್ತದೆ. ಕುದುರೆಯ ಮುಂಗಾಲಿನಲ್ಲಿ ಮಂಡಿಯ ಕೆಳಗೆ ಮಾಂಸಖಂಡವಿಲ್ಲ. ಮೂಳೆ, ಅದಕ್ಕೆ ಅಂಟಿ ಹೋಗುವ ಸ್ನಾಯುರಜ್ಜು, ಮೇಲೆ ಚರ್ಮ, ಅಷ್ಟೇ. ಆ ರಜ್ಜು ಒಮ್ಮೆ ಹರಿದರೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಇಷ್ಟೆಲ್ಲ ಇದ್ದೂ ಹಾರು ಎಂದಾಗ ಹಾರುವ ಕುದುರೆಯಲ್ಲಿ ಸವಾರನ ಮೇಲಿನ ನಂಬಿಕೆ ಅದೆಷ್ಟು ಇರಬೇಕು!

ಕನ್ನಡ ನಾಡಿಗೆ ಕುದುರೆ ಹೊಸದಲ್ಲ. ಹೈದರ್, ಟಿಪ್ಪು ಕಾಲದ ಮೈಸೂರಿನ ಬಲವಿದ್ದದ್ದೇ ಅಶ್ವದಳದಲ್ಲಿ. ಕುಣಿಗಲ್ಲಿನ ಕುದುರೆ ಫಾರಂ ಆ ಸೈನ್ಯಕ್ಕೆ ಕುದುರೆ ಒದಗಿಸುತ್ತಿದ್ದ ತಾಣ. ಮುಂದೆ ಅಲ್ಲಿ ರೇಸಿನ ಕುದುರೆಗಳು ಬೆಳೆದವು. 19ನೆಯ ಶತಮಾನದಲ್ಲಿ ಪರ್ಷಿಯಾದ ಶಿರಾಜ್‌ನಿಂದ ಕುದುರೆ ಮಾರಲು ಬಂದ ಆಗಾ ಅಲಿ ಅಸ್ಕರ್ ಬೆಂಗಳೂರಿನಲ್ಲೇ ನೆಲೆ ನಿಂತರು. ನಗರದ ಅಲಿ ಅಸ್ಕರ್ ರಸ್ತೆ ಅವರದೇ ಹೆಸರಿನದು, ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಈ ಅಸ್ಕರ್ ಅವರ ಮೊಮ್ಮಗ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳದ ಸವಾರರು ಜೋಧಪುರದವರ ಜೊತೆ ಸೇರಿ, ಮಷಿನ್‌ಗನ್‌ಗಳ ಎದುರಿಗೆ ಭರ್ಜಿ ಹಿಡಿದು ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದುಕೊಂಡರು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗೆ, ಬೆಂಗಳೂರಿನ ನಟ್ಟ ನಡುವೆ ರೇಸ್ ಕೋರ್ಸುಗಳಿವೆ.

ತಮಿಳುನಾಡಿನ ಗಡಿಗೆ ಹತ್ತಿರದ ಹನೂರು, ಬಂಡಳ್ಳಿ, ರಾಮಾಪುರದ ಕಡೆಗೆ ಮಾತ್ರ ಓಟವೆಂದರೆ ಎತ್ತಿನದು. ಗಡಿಯಾಚೆಯ ಬರಗೂರು ಬೆಟ್ಟದಲ್ಲಿ, ಕನ್ನಡ ಮಾತಾಡುವ ಜನ ಕಾಡಿನಲ್ಲೇ ಮೇಯಿಸಿ ಸಾಕುವ ಬರಗೂರು ತಳಿಯ ದನ ಕುಕ್ಕುಲೋಟಕ್ಕೂ ಸೊಕ್ಕಿಗೂ ಹೆಸರುವಾಸಿ. ಕೆಂಪು ಮೈ, ಮೇಲೆ ಬಿಳಿ ಮಚ್ಚೆ. ಅದನ್ನು ಪಳಗಿಸುವುದು ಕಷ್ಟ, ಪಳಗಿದರೆ ದಣಿವು ಎಂಬುದು ಗೊತ್ತಿಲ್ಲ. ಆ ಬೆಟ್ಟ ಇಳಿದರೆ ಅಂತಿಯೂರು. ಆಡಿ ತಿಂಗಳಲ್ಲಿ ಅಲ್ಲಿಯ ಗುರುನಾಥಸ್ವಾಮಿ ಜಾತ್ರೆಗೆ ದನದ ಜೊತೆ ಕುದುರೆಗಳೂ ಮಾರಾಟಕ್ಕೆ ಬರುತ್ತವೆ. ಈ ಸೀಮೆಗೆ ಹತ್ತಿರದ ದೊಡ್ಡ ಕುದುರೆ ಸಂತೆ ಅದೇ. ಅಲ್ಲಿ ಕಾಠಿಯಾವಾಡಿ, ಮಾರವಾಡಿ ಕುದುರೆಗಳ ಹಲ್ಲು ನೋಡಿ ವಯಸ್ಸು ಹೇಳುವ, ಗೊರಸು ಎತ್ತಿಸಿ ನೋಡುವ ಜನರಿಗೆ ಮೆಡಿಕಾಟ್‌ನ ಬೆಲೆ ಬೇಗ ತಿಳಿದೀತು. ಪಳಗುವ ಮನಸ್ಸು ಮತ್ತು ದಣಿಯದ ಕಾಲು ಒಂದೇ ಪ್ರಾಣಿಯಲ್ಲಿ ಸಿಗುವುದು ಅಪರೂಪ ಎಂಬುದು ದನ ಸಾಕಿದವರಿಗೆ ಗೊತ್ತಿರುವ ಮಾತು.

ಫವಾದ್ ಮಿರ್ಜಾ 1992ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ತಂದೆ ಹಸನೈನ್ ಮಿರ್ಜಾ ಕುದುರೆಗಳ ವೈದ್ಯರು. ತಲೆಮಾರುಗಳಿಂದ ಕುದುರೆಯ ಜೊತೆ ಬಾಳಿದ ಮನೆತನ ಅದು. ಹುಡುಗ ಚಿಕ್ಕಂದಿನಲ್ಲೇ ಜೀನು ಏರಿದ್ದರಲ್ಲಿ ಆಶ್ಚರ್ಯವಿಲ್ಲ. 2014ರ ಇಂಚಿಯಾನ್ ಏಷ್ಯಾಡ್‌ನಲ್ಲಿ ಅವರು ಭಾರತದ ಪರ ಸವಾರಿ ಮಾಡಿದರು, ಪದಕ ಬರಲಿಲ್ಲ. ಬೆಂಗಳೂರಿನ ಎಂಬೆಸಿ ಸಮೂಹದ ನೆರವು ಸಿಕ್ಕಿ ಕಲಿಯಲು ಜರ್ಮನಿಗೆ ಹೋದರು. ಅಲ್ಲಿ ಗುರುವಾಗಿ ಸಿಕ್ಕವರು ಬೆಟಿನಾ ಹೋಯ್.

ಹೋಯ್ ಅವರ ಕತೆಯನ್ನು ಎರಡು ಮಾತಿನಲ್ಲಿ ಹೇಳದೆ ಮುಂದೆ ಹೋಗಲಾಗದು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಿಂಗ್‌ವುಡ್ ಕಾಕಟೂ ಎಂಬ ಕುದುರೆಯ ಮೇಲೆ ಅವರು ಶೋ ಜಂಪಿಂಗ್ ಆರಂಭಿಸುವಾಗ ಆರಂಭದ ಗೆರೆಯನ್ನು ಎರಡು ಸಲ ದಾಟಿದರು. ದಂಡ ಹಾಕಬೇಕೇ ಬೇಡವೇ ಎಂಬ ವಾದ ಎದ್ದಿತು. ಚಿನ್ನದ ಪದಕ ಅವರ ಕೊರಳಿಗೆ ಬಂತು. ಆಮೇಲೆ ಕ್ರೀಡಾ ನ್ಯಾಯಾಲಯದ ತೀರ್ಪಿನಿಂದ ವೈಯಕ್ತಿಕ ಚಿನ್ನವೂ ಹೋಯಿತು, ಜರ್ಮನಿ ತಂಡದ ಚಿನ್ನವೂ ಹೋಯಿತು. ವೈಯಕ್ತಿಕ ಪದಕ ಬ್ರಿಟನ್ನಿನ ಲೆಸ್ಲಿ ಲಾ ಪಾಲಾಯಿತು. ಗೆರೆಯೊಂದರ ತಪ್ಪಿಗೆ ಇಷ್ಟು ದೊಡ್ಡ ಬೆಲೆ ತೆತ್ತವರು ತಮ್ಮ ಶಿಷ್ಯರಿಗೆ ನಿಖರತೆ ಕಲಿಸುವಾಗ ಎಷ್ಟು ಒತ್ತಿ ಹೇಳಿರಬಹುದು ಎಂದು ಊಹಿಸಬಹುದು. ಮೆಡಿಕಾಟ್ ಮೊದಲು ಹೋಯ್ ಅವರ ಕುದುರೆ. 2017ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಜರ್ಮನಿಯ ಪರವಾಗಿ ಅವರು ಅದರ ಮೇಲೆಯೇ ಸವಾರಿ ಮಾಡಿದ್ದರು. ನೆದರ್‌ಲೆಂಡ್ಸ್ ತಂಡದ ತರಬೇತಿಯ ಹೊಣೆ ಅವರ ಹೆಗಲೇರಿದಾಗ ಕುದುರೆ ಶಿಷ್ಯನ ಕೈಗೆ ಬಂತು.

ಒಬ್ಬರು ಪಳಗಿಸಿದ ಕುದುರೆಯನ್ನು ಇನ್ನೊಬ್ಬರು ಏರುವುದು ಹೊರಗಿನಿಂದ ನೋಡಿದಷ್ಟು ಸರಳವಲ್ಲ. ಕುದುರೆ ಸವಾರನ ಮಾತು ಕೇಳುವುದು ಕಿವಿಯಿಂದಲ್ಲ. ಮೀನಖಂಡದ ಒತ್ತಡ, ಜೀನಿನ ಮೇಲೆ ಸೊಂಟ ಕೂತ ರೀತಿ, ಲಗಾಮಿನ ಬಿಗುವು, ಇವೇ ಅದಕ್ಕೆ ಭಾಷೆ. ಪ್ರತಿ ಸವಾರನ ಮೈಯ ತೂಕ ಬೇರೆ, ಕೈಯ ಬಿಗಿ ಬೇರೆ. ಅಷ್ಟು ವರ್ಷ ಒಬ್ಬ ಹೆಂಗಸಿನ ಸೂಕ್ಷ್ಮ ಸಂಜ್ಞೆಗೆ ಒಗ್ಗಿಕೊಂಡಿದ್ದ ಕುದುರೆ ಹೊಸ ಯುವಕನ ಸಂಜ್ಞೆಗಳನ್ನು ಓದಿಕೊಂಡು, ಜಕಾರ್ತದ ಹೊತ್ತಿಗೆ ಯುರೋಪಿನ ಯಾವ ಒಳ್ಳೆಯ ಜೋಡಿಗೂ ಕಡಿಮೆಯಿಲ್ಲದ ಡ್ರೆಸಾಜ್ ಮಾಡಿತು.

ಜಕಾರ್ತದಲ್ಲಿ ಮೊದಲ ಪರೀಕ್ಷೆ ಮುಗಿದಾಗ ಫಲಕದ ತುದಿಯಲ್ಲಿ ಇದ್ದದ್ದು ಭಾರತದ ಹೆಸರು. ಮೆಡಿಕಾಟ್‌ನ ದಂಡಾಂಕ 22.40. ಅಂದರೆ ತೀರ್ಪುಗಾರರು ನೂರಕ್ಕೆ 77.60 ಕೊಟ್ಟಿದ್ದರು. ಹಿಂದೆಯೇ 22.70ರಲ್ಲಿ ಜಪಾನಿನ ಯೋಶಿಯಾಕಿ ಓಯಿವಾ. ಇಬ್ಬರ ನಡುವೆ ಇದ್ದದ್ದು 0.30, ಒಂದು ಸೆಕೆಂಡಿನ ದಂಡಕ್ಕಿಂತಲೂ ಕಡಿಮೆ. ಎರಡನೆಯ ಪರೀಕ್ಷೆ ಕ್ರಾಸ್ ಕಂಟ್ರಿ. ಮೆಡಿಕಾಟ್ ಒಂದು ಬೇಲಿಗೂ ಹಿಂಜರಿಯಲಿಲ್ಲ, ಸಮಯವನ್ನೂ ಮೀರಲಿಲ್ಲ. ಅಂಕ 22.40 ಆಗಿಯೇ ಉಳಿಯಿತು. ಓಯಿವಾ ಅವರದ್ದೂ ಹಾಗೆಯೇ ಉಳಿಯಿತು. ಏಷ್ಯಾಡ್‌ನ ದಾರಿ ಒಲಿಂಪಿಕ್ಸ್‌ನಷ್ಟು ಕಠಿಣವಲ್ಲ ಎಂಬುದು ನಿಜ, ಆದರೆ ಸುಲಭದ ದಾರಿಯಲ್ಲಿ ಯಾರೂ ತಪ್ಪದಿದ್ದಾಗ ಕೊನೆಯ ದಿನದ ಒಂದೊಂದು ಕಂಬವೂ ಭಾರವಾಗುತ್ತದೆ.

ಆ ಕಂಬದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಣ್ಣ ಬಳಿದ ಮರದ ಗಳು, ಎರಡು ಕಡೆ ನಿಲ್ಲಿಸಿದ ಚೌಕಟ್ಟಿಗೆ ಸಿಕ್ಕಿಸಿದ ಲೋಹದ ಕುಳಿಗಳಲ್ಲಿ ಮಲಗಿರುತ್ತದೆ. ಕುಳಿಗೆ ಆಳವಿಲ್ಲ. ಗಳು ಜಾರದಂತೆ ನಿಲ್ಲಬೇಕು, ಗೊರಸು ತಾಗಿದರೆ ಉರುಳಿ ಬೀಳಲೂಬೇಕು ಎಂದೇ ಅದನ್ನು ಅಷ್ಟು ಮಾಡಿರುತ್ತಾರೆ. ಒಮ್ಮೊಮ್ಮೆ ಗೊರಸು ಜೋರಾಗಿ ಬಡಿದರೂ ಗಳು ಕುಳಿಯಲ್ಲೇ ಕುಣಿದು ಸುಮ್ಮನಾಗುತ್ತದೆ. ಇನ್ನೊಮ್ಮೆ ಸವರಿದಂತೆ ಮುಟ್ಟಿದರೂ ನೆಲಕ್ಕೆ. ಹಿಂದಿನ ದಿನ ಗಟ್ಟಿ ದಿಮ್ಮಿಗಳ ಮೇಲೆ ಹಾರಿದ ಕುದುರೆಗೆ ಇವು ಬೇರೆಯೇ ಬಗೆಯ ಅಡ್ಡಿ. ಅಲ್ಲಿ ಧೈರ್ಯ ಬೇಕು, ಇಲ್ಲಿ ಕಾಲು ಮಡಚುವ ಎಚ್ಚರ ಬೇಕು. ದಣಿದ ಕಾಲು ಒಂದಂಗುಲ ಕಡಿಮೆ ಮಡಚಿದರೆ ಸಾಕು.

ಆಗಸ್ಟ್ 26ರಂದು ಓಯಿವಾ ಒಂದು ಕಂಬವನ್ನೂ ಬೀಳಿಸದೆ ಸುತ್ತು ಮುಗಿಸಿದರು. ಮೆಡಿಕಾಟ್‌ಗೆ ಒಂದೇ ಒಂದು ಕಂಬ ಬಿತ್ತು. 22.40ಕ್ಕೆ 4 ಸೇರಿ 26.40. ಚಿನ್ನ ಜಪಾನಿಗೆ, ಬೆಳ್ಳಿ ಭಾರತಕ್ಕೆ. ಕಂಬ ಕುಳಿಯಲ್ಲಿ ಉಳಿದಿದ್ದರೆ ಚಿನ್ನ ಮೆಡಿಕಾಟ್‌ನದೇ ಆಗುತ್ತಿತ್ತು. ಇಷ್ಟು ಹೇಳಿ ನಿಲ್ಲಿಸಿದರೆ ಮಾತು ಅರ್ಧವಾಗುತ್ತದೆ. ಕಂಚು ಪಡೆದ ಚೀನಾದ ಹುವಾ ತಿಯಾನ್ ಅವರ ಅಂಕ 27.10. ಮೆಡಿಕಾಟ್ ಆ ಸುತ್ತಿನಲ್ಲಿ ಗೊತ್ತುಮಾಡಿದ ಸಮಯವನ್ನು ಎರಡು ಸೆಕೆಂಡು ಮೀರಿದ್ದರೆ, ಇಲ್ಲೂ ಸೆಕೆಂಡಿಗೆ 0.4ರಂತೆ 0.80 ಸೇರಿ 27.20 ಆಗಿ ಬೆಳ್ಳಿಯೂ ಕೈಬಿಡುತ್ತಿತ್ತು. ಕಂಬ ಬಿದ್ದ ಸದ್ದು ಕೇಳಿದ ಮೇಲೂ ಕುದುರೆ ಕಂಗಾಲಾಗಲಿಲ್ಲ, ಸವಾರ ಲಗಾಮು ಎಳೆದು ನಿಧಾನ ಮಾಡಲಿಲ್ಲ. ಉಳಿದದ್ದನ್ನೆಲ್ಲ ಸಮಯದೊಳಗೆ, ತಪ್ಪಿಲ್ಲದೆ ದಾಟಿದರು. ಆ ಸುತ್ತಿನಲ್ಲಿ ಕಾಣಬೇಕಾದದ್ದು ಕಳೆದುಹೋದ ಚಿನ್ನಕ್ಕಿಂತ ಹೆಚ್ಚಾಗಿ ಈ ಸ್ಥಿಮಿತ. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಅವರ ಅಂಕಗಳ ಜೊತೆ ಲೆಕ್ಕ ಹಾಕಿದಾಗ ಭಾರತ ತಂಡಕ್ಕೆ 121.30 ಬಂತು. ಜಪಾನ್ 82.40ರೊಂದಿಗೆ ಮೊದಲನೆಯದು, ಥಾಯ್ಲೆಂಡ್ 126.70ರೊಂದಿಗೆ ಮೂರನೆಯದು.

ಈ ಬೆಳ್ಳಿಯ ಹಿಂದಿನ 36 ವರ್ಷಗಳ ಲೆಕ್ಕ ಶುರುವಾಗುವುದು 1982ರ ದೆಹಲಿ ಏಷ್ಯಾಡ್‌ನಿಂದ. ಆಗ 61ನೆಯ ಅಶ್ವದಳದ ರಘುಬೀರ್ ಸಿಂಗ್ ಶೆಹಜಾದಾ ಎಂಬ ಕುದುರೆಯ ಮೇಲೆ ಈವೆಂಟಿಂಗ್ ಚಿನ್ನ ಗೆದ್ದರು. ಬೆಳ್ಳಿ, ಕಂಚು, ತಂಡದ ಚಿನ್ನವೂ ಭಾರತದ ಪಾಲಾದವು. ಅವರೆಲ್ಲ ಸೈನ್ಯದವರು, ಸೈನ್ಯದ ಲಾಯದ ಕುದುರೆಗಳು. ಒಲಿಂಪಿಕ್ಸ್‌ಗೆ 1996ರಲ್ಲಿ ಇಂದ್ರಜಿತ್ ಲಾಂಬಾ, 2000ದಲ್ಲಿ ಇಮ್ತಿಯಾಜ್ ಅನೀಸ್ ಹೋದ ಮೇಲೆ ಎರಡು ದಶಕ ಯಾರೂ ಹೋಗಿರಲಿಲ್ಲ. 2019ರಲ್ಲಿ ಮಿರ್ಜಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಕುದುರೆಗೆ ಕೊಡುವ ಅಂಥ ಪ್ರಶಸ್ತಿ ಯಾವುದೂ ಇಲ್ಲ. ಇರಬೇಕಿತ್ತು.

ಜಕಾರ್ತದ ನಂತರದ ವರ್ಷ ಮೆಡಿಕಾಟ್ ಗಾಯಗೊಂಡು ಕಣದಿಂದ ದೂರ ಉಳಿಯಿತು. ಒಲಿಂಪಿಕ್ಸ್ ಅರ್ಹತೆಗೆ ಬೇಕಾದ ಅಂಕಗಳನ್ನು ಮಿರ್ಜಾ ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್ ಎಂಬ ಬೇರೆ ಕುದುರೆಗಳ ಮೇಲೆ ಸಂಪಾದಿಸಿದರು. ಆಗ್ನೇಯ ಏಷ್ಯಾ ಮತ್ತು ಓಶಿಯಾನಿಯಾ ಗುಂಪಿನಲ್ಲಿ ಮೊದಲಿಗರಾಗಿ ಟೋಕಿಯೊ ಜಾಗ ಗಿಟ್ಟಿಸಿಕೊಂಡರು. ಈ ಹೊತ್ತಿಗೆ ಅವರ ಗುರು 2014ರ ವಿಶ್ವ ಚಾಂಪಿಯನ್ ಸಾಂಡ್ರಾ ಆಫಾರ್ಟ್. ಜರ್ಮನಿಯ ಗಾಂಡರ್‌ಕೆಸೆ ಹತ್ತಿರದ ಅವರ ಲಾಯವೇ ಮಿರ್ಜಾರ ನೆಲೆ. ಕೊರೊನಾ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಲೋಕಕ್ಕೆಲ್ಲ ಕೆಟ್ಟದ್ದಾದ ಆ ವರ್ಷ ಗಾಯ ಮಾಯಬೇಕಾದ ಕುದುರೆಗೆ ಮಾತ್ರ ಬಿಡುವು ಕೊಟ್ಟಿತು. ಜಾಗ ಸಿಕ್ಕರೆ ಸಾಲದು, ಸವಾರನೂ ಕುದುರೆಯೂ ಜೋಡಿಯಾಗಿ ಕನಿಷ್ಠ ಮಟ್ಟ ತೋರಿಸಬೇಕೆಂಬ ನಿಯಮವಿದೆ. 2021ರಲ್ಲಿ ಪೋಲೆಂಡಿನ ಬಾಬೊರುವ್ಕೊದಲ್ಲಿ ಅದೂ ಆಯಿತು. ಮೊದಲು ದಜಾರಾ 4 ಎಂಬ ಹೆಣ್ಣುಕುದುರೆಯನ್ನು ಟೋಕಿಯೊಗೆ ಆರಿಸಿದ್ದ ಮಿರ್ಜಾ ಕೊನೆಗೆ ಹಳೆಯ ಜೊತೆಗಾರನನ್ನೇ ಕರೆದೊಯ್ದರು. ಮೆಡಿಕಾಟ್‌ಗೆ ಆಗ 15 ವರ್ಷ. ಈವೆಂಟಿಂಗ್ ಕುದುರೆಗೆ ಅದು ಇಳಿವಯಸ್ಸಿನ ಹೊಸ್ತಿಲು.

ಕುದುರೆಯ ಪ್ರಯಾಣವೇ ಒಂದು ದೊಡ್ಡ ಏರ್ಪಾಡು. ಅದಕ್ಕೂ ಪಾಸ್‌ಪೋರ್ಟ್ ಇದೆ, ಚರ್ಮದೊಳಗೆ ಗುರುತಿನ ಚಿಪ್ ಇದೆ. ಟೋಕಿಯೊಗೆ ಹೊರಟ ಕುದುರೆಗಳು ಜರ್ಮನಿಯ ಆಖೆನ್‌ನಲ್ಲಿ ಪ್ರತ್ಯೇಕವಾಸ ಮುಗಿಸಿ, ಬೆಲ್ಜಿಯಂನ ಲಿಯೇಜ್‌ನಿಂದ ದುಬೈ ಮಾರ್ಗವಾಗಿ ವಿಮಾನದಲ್ಲಿ ಹೋದವು. ವಿಮಾನದಲ್ಲಿ ಅವು ಪೆಟ್ಟಿಗೆಯಂಥ ಲಾಯದಲ್ಲಿ ನಿಂತೇ ಇರುತ್ತವೆ, ಪಕ್ಕದಲ್ಲಿ ಸಾಕುವವರು ಹುಲ್ಲು ನೀರು ಹಿಡಿದು ಕಾಯುತ್ತಾರೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಶೂಲೆ ಬಂದು ಪ್ರಾಣಕ್ಕೇ ಕುತ್ತಾದೀತು. ಆದ್ದರಿಂದ ಮೇವು, ನೀರು, ಲದ್ದಿ ಎಲ್ಲದರ ಮೇಲೂ ಕಣ್ಣಿಟ್ಟಿರಬೇಕು.

ಟೋಕಿಯೊದ ಡ್ರೆಸಾಜ್‌ನಲ್ಲಿ ಮೆಡಿಕಾಟ್ 28.00 ದಂಡಾಂಕದೊಂದಿಗೆ 60ಕ್ಕೂ ಹೆಚ್ಚು ಜೋಡಿಗಳ ನಡುವೆ ಒಂಬತ್ತನೆಯ ಸ್ಥಾನದಲ್ಲಿ ನಿಂತಿತು. ಕ್ರಾಸ್ ಕಂಟ್ರಿ ಆಗಸ್ಟ್ 1ರಂದು, ಕಡಲ ಪಕ್ಕದ ಸೀ ಫಾರೆಸ್ಟ್‌ನಲ್ಲಿ. ದಾರಿ ಸುಮಾರು 4.4 ಕಿಲೋಮೀಟರ್, ಗೊತ್ತುಮಾಡಿದ ಸಮಯ 7 ನಿಮಿಷ 45 ಸೆಕೆಂಡು. ಬೇಸಿಗೆಯ ಸೆಖೆ ತಪ್ಪಿಸಲು ಬೆಳಗ್ಗೆ ಬೇಗನೆ ಓಟ ಶುರು ಮಾಡಿದ್ದರು. ಮೆಡಿಕಾಟ್ ಮುಗಿಸಿದ್ದು 8 ನಿಮಿಷ 13 ಸೆಕೆಂಡಿನಲ್ಲಿ. 28 ಸೆಕೆಂಡಿನ ತಡಕ್ಕೆ 11.20 ದಂಡ ಬಿತ್ತು, ಸ್ಥಾನ 22ಕ್ಕೆ ಇಳಿಯಿತು. ಆದರೆ ಬೇಲಿಗಳಲ್ಲಿ ಒಂದು ತಪ್ಪೂ ಇಲ್ಲ. ಒಂದು ಕಡೆಯೂ ನಿಲ್ಲಲಿಲ್ಲ, ಪಕ್ಕಕ್ಕೆ ಜಾರಲಿಲ್ಲ. ಗಾಯದಿಂದ ಎದ್ದು ಬಂದ 15 ವರ್ಷದ ಕುದುರೆ ಲೋಕದ ಅತಿ ಕಠಿಣ ದಾರಿಯೊಂದರಲ್ಲಿ ಎದುರಿಗೆ ಬಂದದ್ದನ್ನೆಲ್ಲ ಹಾರಿತು. ಅದರ ಬದುಕಿನ ಅತ್ಯುತ್ತಮ ಓಟ ಯಾವುದೆಂದು ಕೇಳಿದರೆ ಜಕಾರ್ತದ ಬೆಳ್ಳಿಗಿಂತ ಇದನ್ನೇ ಮುಂದಿಡಬೇಕು. ಪದಕದ ಪಟ್ಟಿಯಲ್ಲಿ ಇಲ್ಲದ್ದರಿಂದ ಇದನ್ನು ಜನ ಬೇಗ ಮರೆತರು.

ಅದೇ ಬೆಳಗ್ಗೆ ಅದೇ ದಾರಿಯಲ್ಲಿ ಸ್ವಿಟ್ಜರ್‌ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿನ ಅಸ್ಥಿರಜ್ಜು ಹರಿದು, ಉಳಿಸಲಾಗದೆ ಅದಕ್ಕೆ ದಯಾಮರಣ ಕೊಡಬೇಕಾಯಿತು. ಈ ಆಟದ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಬರೆಯಬಾರದು. ಬಲವಾಗಿ ತಾಗಿದರೆ ಕಳಚಿಕೊಳ್ಳುವ ಬೇಲಿಗಳು, ಓಟದ ಮುಂಚೆ ಹಿಂದೆ ಪಶುವೈದ್ಯರ ತಪಾಸಣೆ, ಕುಂಟಿದ ಕುದುರೆಯನ್ನು ಹೊರಗಿಡುವ ನಿಯಮ, ಇವೆಲ್ಲ ಇಂಥ ಅಪಾಯಗಳನ್ನು ತಡೆಯಲೆಂದು ಬಂದವು. ಇನ್ನೂ ಬರಬೇಕಾದವು ಇವೆ. ಕುದುರೆ ತಾನಾಗಿ ಕಣಕ್ಕೆ ಬರುವುದಿಲ್ಲ, ಅದನ್ನು ಕರೆತಂದವರು ಅದರ ಕಾಲಿಗೆ ಹೊಣೆ.

ಆಗಸ್ಟ್ 2ರ ಸಂಜೆ ದೀಪದ ಬೆಳಕಿನಲ್ಲಿ ಶೋ ಜಂಪಿಂಗ್. ಮೊದಲ ಸುತ್ತಿನಲ್ಲಿ 8 ದಂಡಾಂಕ ಸೇರಿ ಒಟ್ಟು 47.20 ಆಯಿತು. ಅಂತಿಮ ಸುತ್ತಿಗೆ ಅವಕಾಶವಿದ್ದದ್ದು 25 ಜೋಡಿಗಳಿಗೆ. ಮೆಡಿಕಾಟ್ ನಿಂತದ್ದು ಸರಿಯಾಗಿ 25ನೆಯ ಸ್ಥಾನದಲ್ಲಿ. ಅಂತಿಮ ಸುತ್ತಿನಲ್ಲಿ 12.40 ಸೇರಿತು, ಒಟ್ಟು 59.60, ಸ್ಥಾನ 23. ಚಿನ್ನ ಜರ್ಮನಿಯ ಯೂಲಿಯಾ ಕ್ರಯೇವ್‌ಸ್ಕಿ ಅವರಿಗೆ. ಒಲಿಂಪಿಕ್ಸ್ ಈವೆಂಟಿಂಗ್‌ನ ವೈಯಕ್ತಿಕ ಚಿನ್ನ ಗೆದ್ದ ಮೊದಲ ಮಹಿಳೆ ಅವರು. ಅವರ ಕುದುರೆ ಅಮಾಂದ್ ದ ಬೆನೆವಿಲ್ ಕೂಡ ಹೆಣ್ಣೇ.

ಬೆಂಗಳೂರಿನ ಸವಾರನ ಕುದುರೆ ಕರ್ನಾಟಕದ ಲಾಯದಲ್ಲಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಕುದುರೆಗೆ ಬರುವ ಕೆಲವು ಅಂಟುರೋಗಗಳ ಭಯದಿಂದ ಭಾರತದ ಕುದುರೆಗಳನ್ನು ಯುರೋಪಿನ ದೇಶಗಳು ನೇರವಾಗಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಲಿಂಪಿಕ್ಸ್ ಕನಸಿರುವ ಸವಾರ ಅಲ್ಲಿಗೇ ಹೋಗಿ, ಅಲ್ಲಿಯೇ ಕುದುರೆ ಕೊಂಡು, ಅಲ್ಲಿಯೇ ಸಾಕಿ, ಅಲ್ಲಿಂದಲೇ ಸ್ಪರ್ಧೆಗೆ ಹೊರಡಬೇಕಿತ್ತು. ಅದಕ್ಕೆ ಕೋಟಿಗಳ ಲೆಕ್ಕದ ಹಣ ಬೇಕಿತ್ತು, ಹಿಂದೆ ನಿಲ್ಲುವವರು ಬೇಕಿತ್ತು. ಪ್ರತಿಭೆಯಿದ್ದೂ ಎಷ್ಟೋ ಸವಾರರು ಬೆಂಗಳೂರು, ಪುಣೆ, ದೆಹಲಿಯ ಸ್ಪರ್ಧೆಗಳಲ್ಲೇ ಉಳಿದುಹೋದದ್ದು ಇದರಿಂದ. 2023ರ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ಸುದೀಪ್ತಿ ಹಜೇಲಾ, ದಿವ್ಯಾಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಕೂಡ ಯುರೋಪಿನಲ್ಲಿ ಪಳಗಿದ ಕುದುರೆಗಳ ಮೇಲೆಯೇ ಗೆದ್ದರು. 2025ರಲ್ಲಿ ಮೀರತ್ ದಂಡುಪ್ರದೇಶದಲ್ಲಿರುವ ಸೈನ್ಯದ ಪಶುವೈದ್ಯ ಕೇಂದ್ರದ ಆವರಣವನ್ನು ಕುದುರೆಗಳ ರೋಗಮುಕ್ತ ವಿಭಾಗವೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಅಲ್ಲಿ ನಿಯಮದಂತೆ ಇರಿಸಿ ಸಾಕಿದ ಕುದುರೆಗಳು ಹೊರದೇಶದ ಸ್ಪರ್ಧೆಗಳಿಗೆ ಹೋಗಿ ಬರಲು ಇದರಿಂದ ದಾರಿ ತೆರೆಯಿತು.